ಮೇಸ್ತ್ರಿಯ ದಾರದ ಐದನೇ ಗಂಟು

ನಮ್ಮ ಪಕ್ಕದ ಮನೆಯ ಮೇಸ್ತ್ರಿಗೆ ಬೀದಿಯವರೆಲ್ಲ ಸೇರಿ ಇಟ್ಟ ಹೆಸರು ಮೆಟ್ಟಿಲು ಮೇಸ್ತ್ರಿ. ಹಿಂದಿನ ಚಕ್ರವರ್ತಿಗಳು ಕಾಲಿಟ್ಟಲ್ಲೆಲ್ಲ ಕೋಟೆ ಕಟ್ಟಿಸಿದರಂತೆ. ಇವರು ಕಾಲಿಟ್ಟಲ್ಲೆಲ್ಲ ಮೆಟ್ಟಿಲು ಕಟ್ಟಿದರು. ಬೀದಿಯ ಮಟ್ಟಕ್ಕೇ ಬಾಗಿಲಿಟ್ಟ ಮನೆ ಕಂಡರೆ, ಮದುವೆಮನೆಗೆ ಬನಿಯನ್ನಿನಲ್ಲಿ ಬಂದವನನ್ನು ಕಂಡಷ್ಟು ಕಸಿವಿಸಿ ಅವರಿಗೆ. "ಅಂಗಡಿಗೆ ನಡ್ಕೊಂಡು ಹೋಗೋದು, ಮನೆಗೆ ಹತ್ಕೊಂಡು ಹೋಗೋದು" ಎನ್ನುವುದು ಅವರ ಸಿದ್ಧಾಂತ. ಸುತ್ತಲಿನ ಎಂಟು ಬೀದಿಗಳಲ್ಲಿ ನಲವತ್ತಾರು ಮನೆ ಕಟ್ಟಿದ ಈ ಮಹಾಶಯರು ಯಾವ ಮನೆಗೂ ಮೂರು ಮೆಟ್ಟಿಲಿಗೆ ಕಡಿಮೆ ಇಟ್ಟವರಲ್ಲ. ಸ್ವಂತ ಮನೆಗೆ ಏಳು. ಗಂಡ ಹೆಂಡತಿ ಇಬ್ಬರೇ ಇರುವ ಎರಡು ಕೋಣೆಯ ಮನೆಗೆ ಏಳು ಮೆಟ್ಟಿಲು. ಅಂಚೆಯವನು ಕೆಳಗೇ ನಿಂತು ಕಾಗದ ಎಸೆದು ಹೋಗುತ್ತಿದ್ದ.

"ಸ್ವರ್ಗಕ್ಕೂ ಇಷ್ಟು ಮೆಟ್ಟಿಲು ಇರಲ್ಲ" ಎನ್ನುತ್ತಿದ್ದರು ಅವರ ಹೆಂಡತಿ.

"ಅದನ್ನ ಕಟ್ಟಿದ್ದು ನಾನಲ್ಲವಲ್ಲ" ಎನ್ನುತ್ತಿದ್ದರು ಮೇಸ್ತ್ರಿ.

ಹೆಂಡತಿ ಬಟ್ಟೆ ಹೊಲಿಯುವವರು, ಬೀದಿಗೆಲ್ಲ ಟೈಲರಮ್ಮ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಕೊರಳಲ್ಲಿ ಟೇಪು, ಬಾಯಲ್ಲಿ ನಾಲ್ಕು ಗುಂಡುಸೂಜಿ. ಬಾಯಲ್ಲಿ ಗುಂಡುಸೂಜಿ ಇಟ್ಟುಕೊಂಡೇ ಅಷ್ಟು ಮಾತಾಡುತ್ತಿದ್ದವರು, ತೆಗೆದರೆ ಎಷ್ಟು ಮಾತಾಡುತ್ತಿದ್ದರೋ ಎಂದು ನಾವು ಹೆದರುತ್ತಿದ್ದೆವು.

ಮೇಸ್ತ್ರಿ ಮಾತ್ರ ಟೇಪು ಮುಟ್ಟುತ್ತಿರಲಿಲ್ಲ. ಅವರದು ದಾರ. ಒಂದು ಮನೆಗೆ ಒಂದು ಹೊಸ ದಾರ. ಮನೆಯಾಕೆಯನ್ನು ನಿಲ್ಲಿಸಿ, ನೆಲದಿಂದ ಮೊಣಕೈವರೆಗೆ ಅಳೆದು ಒಂದು ಗಂಟು: ಅದು ಅಡುಗೆ ಕಟ್ಟೆಯ ಎತ್ತರ. ಎತ್ತಿದ ಕೈಗೆ ಇನ್ನೊಂದು: ಅದು ಶೆಲ್ಫು. ಗಂಟು ಎಲ್ಲಿದೆಯೋ ಕಲ್ಲು ಅಲ್ಲಿ. ಕೂದಲೆಳೆಯಷ್ಟು ಆಚೀಚೆ ಇಲ್ಲ. ಕೆಲಸ ಮುಗಿದ ಮೇಲೆ ದಾರವನ್ನು ತಮ್ಮ ಸಾಮಾನಿನ ಕೋಣೆಯ ಮೊಳೆಗೆ ತೂಗುಹಾಕುತ್ತಿದ್ದರು. ನಲವತ್ತಾರು ಮೊಳೆ, ನಲವತ್ತಾರು ದಾರ. ಬೇರೆಯವರು ಪದಕ ಇಡುವ ಹಾಗೆ.

ಈ ದಾರ ಮತ್ತು ಟೇಪಿನ ನಡುವೆ ಆ ಮನೆಯಲ್ಲಿ ಇಪ್ಪತ್ತೇಳು ವರ್ಷ ಯುದ್ಧ ನಡೆಯಿತು.

"ನೀವು ಗೋಡೆ ಅಳೆಯೋರು. ಗೋಡೆ ಸುಳ್ಳು ಹೇಳಲ್ಲ" ಎನ್ನುತ್ತಿದ್ದರು ಟೈಲರಮ್ಮ. "ನಾನು ಮನುಷ್ಯರನ್ನ ಅಳೆಯೋಳು. ಟೇಪು ಕಂಡ ತಕ್ಷಣ ಎಲ್ಲರೂ ಹೊಟ್ಟೆ ಒಳಗೆ ಎಳ್ಕೋತಾರೆ. ಅದಕ್ಕೇ ನಾನು ಒಳಗೆ ನಾಲ್ಕು ಬೆರಳು ಬಟ್ಟೆ ಬಿಟ್ಟು ಹೊಲಿಯೋದು. ಮೈ ನಿಂತಲ್ಲಿ ನಿಲ್ಲಲ್ಲ, ರೀ."

"ಬಟ್ಟೆ ಬಿಡೋದು ಅಳತೆ ಬರದವರು."

"ಆಗಲಿ. ನಿಮ್ಮ ಅಂಗಿಗೂ ಬಿಟ್ಟಿದ್ದೀನಿ. ಹೋದ ವರ್ಷ ಎರಡು ಸಲ ಬಿಚ್ಚಿದೆ."

ಮೇಸ್ತ್ರಿ ತಮ್ಮ ಹೊಟ್ಟೆಯನ್ನೊಮ್ಮೆ ನೋಡಿಕೊಂಡು ಕರಣೆ ಎತ್ತಿಕೊಂಡು ಹೊರಟುಬಿಡುತ್ತಿದ್ದರು.

ಇಂಥ ಮನೆಯಲ್ಲಿ ಒಂದು ಬೆಳಿಗ್ಗೆ ಟೈಲರಮ್ಮ ನಾಲ್ಕನೇ ಮೆಟ್ಟಿಲಲ್ಲಿ ಕೂತುಬಿಟ್ಟರು. ಎಡವಿರಲಿಲ್ಲ, ಜಾರಿರಲಿಲ್ಲ, ಕಾಲು ಮಾತು ಕೇಳಲಿಲ್ಲ, ಅಷ್ಟೇ. "ನಿಮ್ಮ ಮೆಟ್ಟಿಲಿಗೆ ನನ್ನ ಕಾಲು ಮುಷ್ಕರ ಹೂಡಿದೆ" ಎಂದು ನಕ್ಕರು. ಮೂರು ತಿಂಗಳಲ್ಲಿ ಯಂತ್ರದ ಪೆಡಲು ತುಳಿಯಲಾಗಲಿಲ್ಲ. ಆರು ತಿಂಗಳಲ್ಲಿ ಗಾಲಿಕುರ್ಚಿ ಬಂತು.

ದೊಡ್ಡ ಆಸ್ಪತ್ರೆಯ ವೈದ್ಯರು ಎಲ್ಲ ಪರೀಕ್ಷೆ ಮುಗಿಸಿ ಮನೆಯವರನ್ನು ಒಳಗೆ ಕರೆದ ದಿನ ಟೈಲರಮ್ಮನ ಜೊತೆ ಅವರ ತಂಗಿ ಇದ್ದಳು. ಮೇಸ್ತ್ರಿ ಇರಲಿಲ್ಲ. ಮೇಸ್ತ್ರಿ ಎಲ್ಲಿದ್ದರು ಎಂಬುದನ್ನು ಬರೆಯಲು ನನಗೆ ನಗುವೂ ಬರುತ್ತದೆ, ಬೇರೆಯದೂ ಬರುತ್ತದೆ. ಅವರು ಆಸ್ಪತ್ರೆಯ ಬಾಗಿಲಲ್ಲಿ ಬೋರಲು ಮಲಗಿದ್ದರು. ಗಾಲಿಕುರ್ಚಿ ಹತ್ತಿಸಲು ಅಲ್ಲೊಂದು ಇಳಿಜಾರು ಇತ್ತು. ಅರ್ಧ ನೀರು ತುಂಬಿದ ಬಾಟಲಿಯನ್ನು ಅದರ ಮೇಲೆ ಅಡ್ಡ ಮಲಗಿಸಿ, ಕೆನ್ನೆ ನೆಲಕ್ಕೆ ಹಚ್ಚಿ, ಒಂದು ಕಣ್ಣು ಮುಚ್ಚಿ ಓರೆ ನೋಡುತ್ತಿದ್ದರು.

ಕಾವಲಿನವನು ಓಡಿ ಬಂದ. "ಯಜಮಾನ್ರೇ, ತಲೆ ಸುತ್ತಿ ಬಿದ್ರಾ?"

"ನಾನು ಬಿದ್ದಿಲ್ಲಪ್ಪ. ಬೀಳೋರು ಇದರ ಮೇಲೆ ಬರೋರು. ಒಂದಡಿ ಏರೋಕೆ ಹನ್ನೆರಡು ಅಡಿ ಉದ್ದ ಬೇಕು. ಇಲ್ಲಿ ಎಂಟೂ ಇಲ್ಲ. ಯಾರು ಕಟ್ಟಿದ್ದು?"

ಒಳಗೆ ವೈದ್ಯರು ಅದೇ ಹೊತ್ತಿಗೆ ಹೇಳುತ್ತಿದ್ದರು: ಕಾಲು ಆಯಿತು, ಇನ್ನು ಕೈಗೆ ಬರುತ್ತದೆ, ನಿಧಾನವಾಗಿ ಬರುತ್ತದೆ ಎಂದುಕೊಂಡಿದ್ದೆ, ಬೇಗ ಬರುತ್ತಿದೆ, ಔಷಧ ಇಲ್ಲ. ತಂಗಿ ಅತ್ತಳು. ಟೈಲರಮ್ಮ ಅವಳ ಕೈ ಹಿಡಿದು, "ನಿಮ್ಮ ಭಾವಂಗೆ ಹೇಳಬೇಡ" ಎಂದರು. "ಮನೆ ಸರಿ ಮಾಡೋ ಉತ್ಸಾಹದಲ್ಲಿದ್ದಾರೆ. ಇದನ್ನ ಕೇಳಿದ್ರೆ ಆ ಮನುಷ್ಯ ಕೂತಲ್ಲೇ ಕೂತುಬಿಡ್ತಾರೆ. ಒಂದು ತಿಂಗಳಲ್ಲಿ ಮುಗಿಸ್ತೀನಿ ಅಂದಿದ್ದಾರೆ. ನನ್ನ ಮನೇಲಿ ನನ್ನ ಕೈಯಾರೆ ಒಂದು ಲೋಟ ಟೀ ಮಾಡ್ಕೊಂಡು ಕುಡಿಯೋ ಅಷ್ಟು ದಿನ ಸಿಕ್ಕರೆ ಸಾಕು. ಯಾರನ್ನೂ ಕೇಳಬಾರದು, ಅಷ್ಟೇ."

ಇದನ್ನೆಲ್ಲ ತಂಗಿ ನಮಗೆ ಹೇಳಿದ್ದು ಬಹಳ ದಿನದ ಮೇಲೆ. ಆ ಹೊತ್ತಿಗೆ ನಾವು ಕಂಡದ್ದು ಮೇಸ್ತ್ರಿಯ ದಂಡಯಾತ್ರೆಯನ್ನು ಮಾತ್ರ.

ಆಸ್ಪತ್ರೆಯಿಂದ ಬಂದ ಮರುದಿನವೇ ಏಳು ಮೆಟ್ಟಿಲೂ ಧೂಳಾದವು. ಇಪ್ಪತ್ತೇಳು ವರ್ಷದ ಸಿದ್ಧಾಂತವನ್ನು ಮೇಸ್ತ್ರಿ ಸುತ್ತಿಗೆಯಿಂದ ತಾವೇ ಕುಟ್ಟಿ, ಸಂಜೆ ಹೊತ್ತಿಗೆ ಅದರ ಗುಡ್ಡೆಯ ಮೇಲೆ ಕೂತು ಬೆವರು ಒರೆಸಿಕೊಂಡರು. ಬಾಗಿಲು ಮೂರೂವರೆ ಅಡಿ ಮೇಲೆ ಗಾಳಿಯಲ್ಲಿ ನೇತಾಡುತ್ತಿತ್ತು. ಒಳಗೆ ಹೋಗಲು ಮೇಸ್ತ್ರಿಗೆ ಏಣಿಯೇ ಗತಿ. ಟೈಲರಮ್ಮ ಎರಡು ಬೀದಿ ಆಚೆ, ತಂಗಿಯ ನೆಲಮಟ್ಟದ ಪುಟ್ಟ ಮನೆಗೆ ಹೋದರು.

ಹೋಗುವ ಮುಂಚೆ ಅವರು ಅಂಗಳದಲ್ಲಿ ಕುರ್ಚಿಯಲ್ಲಿ ಕೂತೇ ಒಂದು ಮಾತು ಹೇಳಿದ್ದನ್ನು ನಾನು ಕಾಂಪೌಂಡಿನ ಮೇಲಿಂದ ಕೇಳಿದ್ದೇನೆ. "ರೀ, ಎರಡು ಉದ್ದದ ಹಲಗೆ ಹಾಕಿ ಸಾಕು. ಇಬ್ಬರು ತಳ್ಳಿದ್ರೆ ಒಳಗೆ ಹೋಗ್ತೀನಿ. ಒಳಗೆ ಕೂತಿರ್ತೀನಿ, ನೀವು ನನ್ನ ಸುತ್ತಮುತ್ತ ಕಟ್ಟಿ."

"ಹಲಗೆ ಹಾಕಿ ತಳ್ಳೋಕೆ ನೀನೇನು ಅಕ್ಕಿ ಮೂಟೆನಾ? ನಲವತ್ತಾರು ಮನೆ ಕಟ್ಟಿದ್ದೀನಿ. ಮುಗಿಯದ ಮನೆಗೆ ಯಾರನ್ನೂ ಬಿಟ್ಟಿಲ್ಲ. ಅರ್ಧಕ್ಕೆ ಬಂದೋರೆಲ್ಲ ಕಿಟಕಿ ಜಾಗ ಬದಲಿಸು ಅಂತಾರೆ."

"ನಾನು ಕಿಟಕಿ ವಿಷಯ ಮಾತಾಡಲ್ಲ."

"ನೀನು ಮಾತಾಡದೇ ಇರ್ತೀಯಾ?"

ಇಬ್ಬರೂ ನಕ್ಕರು. ಮಾತು ಅಲ್ಲಿಗೆ ಮುಗಿಯಿತು. ಮುಗಿಯಬಾರದಿತ್ತು ಎಂದು ಈಗ ಅನಿಸುತ್ತದೆ.

ಮೂರೂವರೆ ಅಡಿಗೆ ನಲವತ್ತೆರಡು ಅಡಿ ಇಳಿಜಾರು. ಅಂಗಳ ಇದ್ದದ್ದು ಹದಿನೆಂಟಡಿ. ಮೇಸ್ತ್ರಿ ಅದನ್ನು ಹದಿನಾಲ್ಕು ಅಡಿಯ ಮೂರು ತುಂಡು ಮಾಡಿ, ಎರಡು ಕಡೆ ತಿರುವು ಕೊಟ್ಟು, ತಿರುವಿನಲ್ಲಿ ಕುರ್ಚಿ ನಿಂತು ಉಸಿರಾಡಲು ಸಪಾಟು ಜಾಗ ಬಿಟ್ಟು, ಎರಡು ಬದಿಗೂ ಹಿಡಿಕಂಬಿ ಹಾಕಿದರು. ಬಾಗಿಲುಗಳನ್ನು ಅಗಲ ಮಾಡಿದರು. ಹೊಸ್ತಿಲು ಕಿತ್ತರು. ಸ್ನಾನದ ಮನೆಯಲ್ಲಿ ಕುರ್ಚಿ ಒಂದು ಸುತ್ತು ತಿರುಗುವಷ್ಟು ಜಾಗಕ್ಕಾಗಿ ಗೋಡೆಯನ್ನೇ ಹಿಂದಕ್ಕೆ ತಳ್ಳಿದರು. ಕಿಟಕಿಯನ್ನು ಕೂತವರ ಕಣ್ಣಿಗೆ ಇಳಿಸಿದರು. ಒಬ್ಬಂಟಿ ಸೇನಾನಿ, ಆಳುಗಳ ಕೆಲಸ ಒಪ್ಪದವರು. ಒಂದು ತಿಂಗಳು ಅಂದದ್ದು ಎರಡಾಯಿತು.

ಉಳಿದದ್ದು ಅಡುಗೆಮನೆ. ಅಲ್ಲಿಗೆ ದಾರ ಬೇಕು.

ನಲವತ್ತೇಳನೇ ದಾರಕ್ಕೆ ಐದು ಗಂಟು. ಕೂತ ಹೆಂಡತಿಯ ಮೊಣಕಾಲಿಗೆ ಒಂದು, ತೊಡೆಗೆ ಒಂದು, ಮೊಣಕೈಗೆ, ಕಣ್ಣಿಗೆ, ಕೊನೆಗೆ ಎತ್ತಿದ ಕೈಯ ಬೆರಳ ತುದಿಗೆ ಐದನೆಯದು. ಟೀ ಪಾತ್ರೆ, ಸಕ್ಕರೆ ಡಬ್ಬಿ ಇಡುವ ಶೆಲ್ಫೂ ದೀಪದ ಸ್ವಿಚ್ಚೂ ಆ ಐದನೇ ಗಂಟಿನ ಎತ್ತರಕ್ಕೆ. ಮೇಸ್ತ್ರಿ ಪ್ರತಿ ಭಾನುವಾರ ನಾದಿನಿಯ ಮನೆಗೆ ಹೋಗಿ ಅಳತೆ ತಾಳೆ ನೋಡುತ್ತಿದ್ದರು.

ಎರಡನೇ ಭಾನುವಾರ ಐದನೇ ಗಂಟು ಹೆಂಡತಿಯ ಬೆರಳಿಗಿಂತ ಎರಡು ಬೆರಳು ಮೇಲಿತ್ತು.

ಮೇಸ್ತ್ರಿ ಬೆಚ್ಚಿದರು. ತಾವು ಜೀವಮಾನದಲ್ಲಿ ಎರಡು ಬೆರಳು ತಪ್ಪಿದವರಲ್ಲ. ಮನೆಗೆ ಬಂದು ಶೆಲ್ಫು ಕಿತ್ತರು, ಸ್ವಿಚ್ಚು ಇಳಿಸಲು ಗೋಡೆ ಕೊರೆದರು, ಕೊರೆದ ಜಾಗಕ್ಕೆ ಗಾರೆ ಮೆತ್ತಿ ಟೈಲ್ಸು ಬದಲಿಸಿದರು. ಅದು ಒಣಗುವ ಹೊತ್ತಿಗೆ ಮುಂದಿನ ಭಾನುವಾರ. ಗಂಟು ಮತ್ತೆ ಒಂದೂವರೆ ಬೆರಳು ಮೇಲೆ.

ಶುರುವಾಯಿತು ತನಿಖೆ. ಮೊದಲ ಆರೋಪಿ ದಾರ. ನೂಲಿನ ದಾರ ಹಿಗ್ಗುತ್ತದೆ ಎಂದು ತೀರ್ಪು ಕೊಟ್ಟು ನೈಲಾನಿಗೆ ಬದಲಿಸಿದರು. ಎರಡನೇ ಆರೋಪಿ ಕುರ್ಚಿಯ ದಿಂಬು; ಅದು ಕುಸಿದಿದೆ ಎಂದು ಹೊಸದು ತಂದರು. ಮೂರನೆಯದು ಕುರ್ಚಿಯ ಗಾಲಿ. ಸೈಕಲ್ ಪಂಪು ತಂದು ಗಾಳಿ ತುಂಬಿದರು. ನಾಲ್ಕನೇ ಭಾನುವಾರ ರಸಮಟ್ಟ ಹಿಡಿದುಕೊಂಡು ಬಂದು ನಾದಿನಿಯ ಮನೆಯ ನೆಲವನ್ನೇ ಮೂಲೆಯಿಂದ ಮೂಲೆಗೆ ಅಳೆದರು.

"ನಿನ್ನ ನೆಲ ಇಲ್ಲಿ ತಗ್ಗಿದೆ" ಎಂದು ಘೋಷಿಸಿದರು.

"ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದಳಂತೆ, ಭಾವ" ಎಂದಳು ನಾದಿನಿ. ಹೇಳಿದವಳೇ ಒಳಗೆ ಹೋಗಿ ಬಾಗಿಲ ಮರೆಯಲ್ಲಿ ಕಣ್ಣು ಒರೆಸಿಕೊಂಡಳು.

ಬೀದಿಯ ಆ ತುದಿಯ ಗೋಡೆ ಕಾಲಿಂಚು ವಾಲಿದ್ದನ್ನು ಈ ತುದಿಯಿಂದ ಕಂಡುಹಿಡಿಯುವ ಕಣ್ಣು ಅದು. ದಾರವನ್ನು ಅನುಮಾನಿಸಿತು, ದಿಂಬನ್ನು, ಗಾಲಿಯನ್ನು, ನೆಲವನ್ನು ಅನುಮಾನಿಸಿತು. ದಾರದ ಪಕ್ಕದಲ್ಲಿ ನಡುಗುತ್ತಾ ನಿಂತಿದ್ದ ಕೈಯನ್ನು ಮಾತ್ರ ನೋಡಲಿಲ್ಲ. ಅಲ್ಲ, ಈಗ ಯೋಚಿಸಿದರೆ, ನೋಡದೇ ಇರಲೆಂದೇ ಅದು ಅಷ್ಟೆಲ್ಲ ಓಡಾಡಿತೋ ಏನೋ.

ನಮಗೆ ಇದು ಯಾವುದೂ ತಿಳಿಯದು. ವಾರವಾರವೂ ಕಟ್ಟಿದ್ದನ್ನೇ ಒಡೆಯುವ ಸದ್ದು ಕೇಳಿ ನಾವು ನಗುತ್ತಿದ್ದೆವು. "ಏನು ಮೇಸ್ತ್ರಿಗಳೇ, ಅಳೆದೂ ಸುರಿದೂ ಎಲ್ಲಿಗೆ ಬಂತು?" ಎಂದು ಕಾಂಪೌಂಡಿನಿಂದ ಕೂಗಿದವನು ನಾನೇ. "ಎರಡು ಬೆರಳು ಬಾಕಿ" ಎಂದು ಅವರು ಒಳಗಿನಿಂದ ಕೂಗಿದರು. ಪ್ರತಿ ವಾರ ಎರಡೇ ಬೆರಳು ಬಾಕಿ ಇರುತ್ತಿತ್ತು.

ನಾಲ್ಕು ತಿಂಗಳು ತುಂಬಿತು. ಒಂದು ಶನಿವಾರ ಟೈಲರಮ್ಮ ತಂಗಿಯನ್ನು ಕರೆದು ಹೇಳಿದರು: "ನಾಳೆ ದಿಂಬಿನ ಕೆಳಗೆ ಎರಡು ದುಪ್ಪಟಿ ಮಡಿಸಿ ಇಡು. ನನಗೆ ಶಾಲು ಹೊದಿಸು. ನೀನು ಹಿಂದೆ ನಿಂತ್ಕೊಂಡು, ಶಾಲಿನ ಒಳಗಿಂದ ನನ್ನ ಮೊಣಕೈ ಎತ್ತಿ ಹಿಡಿ."

"ಅಕ್ಕ, ಆಮೇಲೆ ಗೊತ್ತಾಗಲ್ವಾ?"

"ಆಮೇಲೆ ಗೊತ್ತಾಗ್ಲಿ. ಮನೆಗೆ ಹೋದ್ಮೇಲೆ."

ಭಾನುವಾರ ಐದನೇ ಗಂಟು ಬೆರಳ ತುದಿಗೆ ಸರಿಯಾಗಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತಿತು. ಮೇಸ್ತ್ರಿ ಮೂರು ಸಲ ಅಳೆದರು. ಮೂರು ಸಲವೂ ಶಾಲಿನ ಹಿಂದೆ ತಂಗಿಯ ಕೈ ನೋಯಿತು.

"ನಾನು ಹೇಳಲಿಲ್ವಾ, ದಾರದ್ದೇ ತಪ್ಪು ಅಂತ" ಎಂದರು ಮೇಸ್ತ್ರಿ. ಅವತ್ತು ಅವರು ಬೀದಿಯಲ್ಲಿ ಬಂದ ಠೀವಿ ನೋಡಬೇಕಿತ್ತು. ರಾಜ್ಯ ಗೆದ್ದು ಬಂದವರೂ ಹಾಗೆ ಬಂದಿರಲಾರರು.

ಬುಧವಾರ ಬೆಳಿಗ್ಗೆ ಟೈಲರಮ್ಮನ ಪುರಪ್ರವೇಶ. ಬೀದಿಯವರೆಲ್ಲ ಅಂಗಳದಲ್ಲಿ ಸೇರಿದ್ದೆವು. ಮೇಸ್ತ್ರಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕುರ್ಚಿ ತಳ್ಳಿದರು. ನಲವತ್ತೆರಡು ಅಡಿಯಲ್ಲಿ ಒಂದು ಕಡೆಯೂ ಕುರ್ಚಿ ಕುಲುಕಲಿಲ್ಲ. ಮೊದಲ ತಿರುವಿನಲ್ಲಿ ಮೇಸ್ತ್ರಿ ಎರಡೂ ಕೈ ಬಿಟ್ಟು, "ನೋಡಿ, ನಿಂತಲ್ಲೇ ನಿಲ್ಲುತ್ತೆ" ಎಂದು ನಮಗೆಲ್ಲ ತೋರಿಸಿದರು. ನಾವು ಚಪ್ಪಾಳೆ ತಟ್ಟಿದೆವು.

"ಜಾತ್ರೆ ಬೊಂಬೆ ಹಾಗೆ ತೋರಿಸಬೇಡಿ, ಒಳಗೆ ನಡೀರಿ" ಎಂದರು ಟೈಲರಮ್ಮ.

ಅಡುಗೆಮನೆಯಲ್ಲಿ ಕುರ್ಚಿ ಕಟ್ಟೆಯ ಕೆಳಗೆ ಸರ್ರನೆ ಹೋಗಿ ಕೂತಿತು. ಮೊಣಕಾಲಿಗೂ ಕಲ್ಲಿಗೂ ನಡುವೆ ಬೇಕಾದಷ್ಟೇ ಜಾಗ. ಒಲೆ ಕೈಯಳತೆಯಲ್ಲಿ, ನಲ್ಲಿ ಕೈಯಳತೆಯಲ್ಲಿ. ಮೇಸ್ತ್ರಿ ಗೋಡೆಗೆ ಒರಗಿ ಕೈಕಟ್ಟಿ ನಿಂತರು.

"ಹೂಂ. ಟೀ ಮಾಡು" ಎಂದರು.

ಟೈಲರಮ್ಮ ಬಲಗೈ ಎತ್ತಿದರು. ಅದು ಕಟ್ಟೆಯಿಂದ ಎದ್ದಿತು, ಒಲೆಯನ್ನು ದಾಟಿತು, ಗಾಳಿಯಲ್ಲಿ ನಿಂತಿತು. ಪಾತ್ರೆ ಇನ್ನೂ ನಾಲ್ಕು ಬೆರಳು ಮೇಲಿತ್ತು. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು ನೂಕಿದರು. ಎರಡೂ ಕೈ ಮಡಿಲಿಗೆ ಬಿದ್ದವು.

ಮೇಸ್ತ್ರಿ ಜೇಬಿನಿಂದ ದಾರ ತೆಗೆದರು. ಅಭ್ಯಾಸ. ನೆಲಕ್ಕೆ ತುದಿ ಒತ್ತಿ, ಎಳೆದು ಹಿಡಿದರು. ಐದನೇ ಗಂಟು ಶೆಲ್ಫಿಗೆ ಸರಿಯಾಗಿ ತಾಗಿತು. ಶೆಲ್ಫಿನಲ್ಲಿ ತಪ್ಪಿರಲಿಲ್ಲ. ಅವರು ಗಂಟು ನೋಡಿದರು, ಶೆಲ್ಫು ನೋಡಿದರು. ಆಮೇಲೆ, ನಾಲ್ಕು ತಿಂಗಳಲ್ಲಿ ಮೊದಲ ಸಲ, ಮಡಿಲಲ್ಲಿ ಬಿದ್ದಿದ್ದ ಕೈಗಳನ್ನು ನೋಡಿದರು.

"ರೀ" ಎಂದರು ಟೈಲರಮ್ಮ ಮೆಲ್ಲಗೆ. "ನಾನು ಹೊಟ್ಟೆ ಒಳಗೆ ಎಳ್ಕೊಂಡಿದ್ದೆ."

ಹಿಂದೆಯೇ ಒಳಗೆ ಬಂದಿದ್ದ ನಾವೆಲ್ಲ ಚಪ್ಪಲಿ ಹುಡುಕಿಕೊಂಡೆವು. ಯಾರೂ ಹೇಳಲಿಲ್ಲ, ನಾವಾಗಿಯೇ ಹೊರಟೆವು. ಬಾಗಿಲ ಹತ್ತಿರ ಮೇಸ್ತ್ರಿ ನಾದಿನಿಯನ್ನು ಕೇಳುತ್ತಿದ್ದದ್ದು ಕಿವಿಗೆ ಬಿತ್ತು.

"ಡಾಕ್ಟ್ರು ಯಾವಾಗ ಹೇಳಿದ್ರು?"

"ಆವತ್ತೇ, ಭಾವ."

"ನಾನೆಲ್ಲಿದ್ದೆ?"

"ನೀವು ಇಳಿಜಾರು ಅಳೀತಿದ್ರಿ."

ಮೇಸ್ತ್ರಿ ಲೆಕ್ಕದಲ್ಲಿ ಗಟ್ಟಿಗರು. ಆ ನಾಲ್ಕು ತಿಂಗಳನ್ನು ಅವರು ಎಷ್ಟು ಸಲ ಹಿಂದಕ್ಕೆ ಮುಂದಕ್ಕೆ ಅಳೆದರೋ. ಮೊದಲ ಸಲ ಅಳೆದಾಗ ಹೆಂಡತಿಯ ಕೈ ಎಷ್ಟು ಎತ್ತರ ಹೋಗುತ್ತಿತ್ತು ಎಂಬುದಕ್ಕೆ ಸಾಕ್ಷಿ ಅವರ ಹತ್ತಿರವೇ ಇತ್ತು, ಮೊದಲ ನೂಲಿನ ದಾರದಲ್ಲಿ. ಆ ಗಂಟಿಗೆ ಹಳೆಯ ಅಡುಗೆಮನೆಯ ಒಲೆ ಸಿಗುತ್ತಿತ್ತು. ಪಾತ್ರೆಯನ್ನು ಕಟ್ಟೆಯ ಮೇಲೆ ಇಟ್ಟಿದ್ದರೆ ಅದೂ ಸಿಗುತ್ತಿತ್ತು. ಎರಡು ಹಲಗೆ ಹಾಕಿದ್ದರೆ ಟೈಲರಮ್ಮ ತಮ್ಮ ಮನೆಯಲ್ಲಿ ನೂರು ಲೋಟ ಟೀಯನ್ನಾದರೂ ಯಾರನ್ನೂ ಕೇಳದೆ ಮಾಡಿಕೊಂಡು ಕುಡಿಯುತ್ತಿದ್ದರು. ಮನೆ ಮುಗಿಯುವ ಹೊತ್ತಿಗೆ ಕೈ ಮುಗಿದಿತ್ತು.

ಶೆಲ್ಫನ್ನು ಇನ್ನೂ ಇಳಿಸುತ್ತೇನೆ ಎಂದು ಮೇಸ್ತ್ರಿ ಉಳಿ ಹಿಡಿದಾಗ ಟೈಲರಮ್ಮ ಬಿಡಲಿಲ್ಲ. "ಸಾಕು. ಇನ್ನು ಒಡೆಯೋ ಸದ್ದು ಬೇಡ. ಪಾತ್ರೆ ನೀವೇ ಇಳಿಸಿ, ಟೀ ನೀವೇ ಮಾಡಿ. ನಾನು ಹೇಳಿಕೊಡ್ತೀನಿ."

ಆರಡಿ ಎತ್ತರದ ಮನುಷ್ಯ ತೊಡೆಯ ಮಟ್ಟದ ಕಟ್ಟೆಗೆ ಬಗ್ಗಿ ಟೀ ಕಾಯಿಸುವುದನ್ನು ನಾವು ಹೊಸ ಕಿಟಕಿಯಿಂದ ದಿನವೂ ನೋಡುತ್ತಿದ್ದೆವು. ಸೊಂಟ ಹಿಡಿದು ಅವರು "ಅಮ್ಮಾ" ಎಂದರೆ, ಕುರ್ಚಿಯಿಂದ ನಗು.

"ಸಕ್ಕರೆ ಎಷ್ಟು?"

"ಎರಡು ಚಮಚ. ನೀವು ಅಳೆದು ಹಾಕ್ತಿದ್ರೆ ನಾಳೆ ಬೆಳಿಗ್ಗೆ ಕುಡೀತೀವಿ. ಅಂದಾಜಿಗೆ ಹಾಕಿ."

ಹೀಗೆ ಏಳು ವಾರ. ಲೋಟವನ್ನು ತುಟಿಗೆ ಹಿಡಿಯುತ್ತಿದ್ದವರೂ ಮೇಸ್ತ್ರಿಯೇ. ಎಂಟನೇ ವಾರ ಟೈಲರಮ್ಮ, ತಮ್ಮ ಕಣ್ಣಿನ ಅಳತೆಗೆ ಇಳಿಸಿದ ಆ ಕಿಟಕಿಯ ಪಕ್ಕದಲ್ಲಿ, ಬೆಳಗಿನ ಹಾಲಿನವನು ಹೋಗುವುದನ್ನು ನೋಡುತ್ತಿದ್ದ ಹಾಗೆಯೇ ಹೋಗಿಬಿಟ್ಟರು. ಇಳಿಜಾರಿನಲ್ಲಿ ಕೊನೆಯ ಸಲ ಇಳಿದಾಗಲೂ ಎಲ್ಲೂ ಕುಲುಕಲಿಲ್ಲ. ಎರಡನೇ ತಿರುವಿನ ಹತ್ತಿರ ಮೇಸ್ತ್ರಿ ಹಿಡಿಕಂಬಿಗೆ ಜೋತುಬಿದ್ದು, "ಚೆನ್ನಾಗಿ ಬಂದಿದೆ, ಅಲ್ವಾ? ಚೆನ್ನಾಗಿ ಬಂದಿದೆ" ಎಂದು ಸಿಕ್ಕಿದವರನ್ನೆಲ್ಲ ಕೇಳಿದರು.

ಆಮೇಲೆ ಒಂದು ವರ್ಷ ಮೇಸ್ತ್ರಿ ಕರಣೆ ಮುಟ್ಟಲಿಲ್ಲ. ಬೆಳಿಗ್ಗೆ ಬಗ್ಗಿ ಟೀ ಮಾಡುತ್ತಿದ್ದರು, ಮೊಣಕಾಲು ಮಡಚಿ ಕೆಳಗೆ ಕೂತು ಕುಡಿಯುತ್ತಿದ್ದರು. ಕಟ್ಟೆ ಎತ್ತರಿಸಿಕೊಳ್ಳಿ ಎಂದು ನಾನೊಮ್ಮೆ ಬಾಯಿ ಜಾರಿ ಹೇಳಿದೆ. ಅವರು ನನ್ನನ್ನು ನೋಡಿದ ರೀತಿಗೆ, ಮೂರು ದಿನ ನಾನು ಕಾಂಪೌಂಡಿನ ಕಡೆ ತಲೆ ಹಾಕಲಿಲ್ಲ.

ಹೋದ ತಿಂಗಳು ಹಿಂದಿನ ಬೀದಿಯ ಔಷಧಿ ಅಂಗಡಿಯವನು ಬಂದ. ಅವನ ಮನೆ ಮೇಸ್ತ್ರಿ ಕಟ್ಟಿದ ಹನ್ನೊಂದನೆಯದು, ನಾಲ್ಕು ಮೆಟ್ಟಿಲು. ಅವನ ತಾಯಿಗೆ ಸೊಂಟದ ಮೂಳೆ ಮುರಿದು, ಆಸ್ಪತ್ರೆಯವರು ಅವತ್ತೇ ಕಳಿಸುತ್ತಿದ್ದರು, ಗಾಲಿಕುರ್ಚಿಯಲ್ಲಿ. "ಇಳಿಜಾರು ಮಾಡಿಕೊಡ್ತೀರಾ ಮೇಸ್ತ್ರಿಗಳೇ? ಅಲ್ಲಿವರೆಗೆ ಅಮ್ಮನ್ನ ಅಕ್ಕನ ಮನೇಲಿ ಇಟ್ಟಿರ್ತೀನಿ."

"ಬೇಡ" ಎಂದರು ಮೇಸ್ತ್ರಿ. ಅಷ್ಟು ಬೇಗ ಅವರು ಎದ್ದದ್ದನ್ನು ನಾನು ವರ್ಷದಿಂದ ನೋಡಿರಲಿಲ್ಲ. ಸಾಮಾನಿನ ಕೋಣೆಯಿಂದ ಎರಡು ಉದ್ದದ ಹಲಗೆ ಎಳೆದು, ಒಂದನ್ನು ನನ್ನ ಹೆಗಲಿಗೆ ಹಾಕಿದರು. ಸಂಜೆ ನಾಲ್ಕಕ್ಕೆ ಹಲಗೆಯ ಮೇಲೆ ಮೂವರು ಸೇರಿ ಕುರ್ಚಿ ತಳ್ಳಿದೆವು. ಕಡಿದಾಗಿತ್ತು, ಕುಲುಕಿತು, ಮುದುಕಿ ನಮ್ಮ ಮೂರು ತಲೆಮಾರನ್ನೂ ಬೈದಳು. ಒಳಗೆ ಬಂದಳು.

ಆಮೇಲೆ ಮೇಸ್ತ್ರಿ ಜೇಬಿನಿಂದ ಹೊಸ ದಾರ ತೆಗೆದರು. "ಅಮ್ಮಾ, ಕೈ ಎತ್ತಿ. ಪೂರ್ತಿ ಎತ್ತಬೇಡಿ. ಸುಸ್ತಾದ ದಿನ ಎಷ್ಟು ಎತ್ತುತ್ತೀರೋ ಅಷ್ಟು."

ಮುದುಕಿ ಎತ್ತಿದಳು. ಮೇಸ್ತ್ರಿ ಅವಳ ಬೆರಳ ತುದಿಗೆ ದಾರ ಹಿಡಿದರು. ಗಂಟನ್ನು ಮಾತ್ರ ನಾಲ್ಕು ಬೆರಳು ಕೆಳಗೆ ಹಾಕಿದರು.

"ಅಲ್ಲಿ ಅಲ್ಲವಲ್ಲ ಕೈ ಇದ್ದದ್ದು" ಎಂದ ಮಗ.

"ಒಳಗೆ ಬಟ್ಟೆ ಬಿಟ್ಟಿದ್ದೀನಿ" ಎಂದರು ಮೇಸ್ತ್ರಿ. ಅವನಿಗೆ ಅರ್ಥವಾಗಲಿಲ್ಲ. ನಾನು ಗೋಡೆ ನೋಡುತ್ತಾ ನಿಂತೆ.

"ಅಮ್ಮಾ, ಟೀ ನೀವೇ ಮಾಡ್ಕೋತಿದ್ರಾ?"

"ಮತ್ತೆ ನಿಮ್ಮಪ್ಪ ಬಂದು ಮಾಡ್ತಿದ್ನಾ?"

"ಹಾಗಾದ್ರೆ ಮಾಡಿ. ಕಟ್ಟೋದು ನಾಳೆ ನೋಡೋಣ."

ಮಗ ಸಾಮಾನುಗಳನ್ನೆಲ್ಲ ಕೆಳಗಿನ ಸ್ಟೂಲಿನ ಮೇಲೆ ಇಳಿಸಿಟ್ಟ. ಮುದುಕಿ ಅರ್ಧ ಗಂಟೆ ತೆಗೆದುಕೊಂಡಳು, ಅರ್ಧ ಹಾಲು ಚೆಲ್ಲಿದಳು, ಸಹಾಯಕ್ಕೆ ಬಂದ ಮಗನ ಕೈಗೆ ಚಮಚದಿಂದ ಹೊಡೆದಳು. ನಾಲ್ಕು ಲೋಟ ತುಂಬಿದಳು. ನಾವು ಮೂವರು ಕುಡಿದೆವು. ಮೇಸ್ತ್ರಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ನಾನು ಹಲಗೆ ಎತ್ತಲು ಹೊರಟಾಗಲೂ ಹಾಗೇ ಹಿಡಿದಿದ್ದರು, ಟೀ ಆರಿ ಮೇಲೆ ಕೆನೆ ಕಟ್ಟಿತ್ತು.

"ಹಲಗೆ ಎತ್ತಬೇಡಿ" ಎಂದರು ನನಗೆ. "ಅದು ಇಲ್ಲೇ ಇರಲಿ."